ಗರಿಗರಿ ಬೆಂಡೆಕಾಯಿಯೂ ಅತ್ತೆಯ ಮೇಲ್ದವಡೆಯೂ

“ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ನಿಮ್ಮಮ್ಮ ಗರಿಗರಿ ಬೆಂಡೆಕಾಯಿ ತಿಂತಾರೆ! ಕರುಂ ಅಂತ ಸದ್ದು ಬರುತ್ತೆ! ಆ ಸದ್ದು ಬೀದಿ ತುದಿಯ ಔಷಧಿ ಅಂಗಡಿವರೆಗೂ ಕೇಳಿಸದೇ ಹೋದ್ರೆ ನಾನು ಈ ಕಸುಬನ್ನೇ ಬಿಟ್ಟುಬಿಡ್ತೀನಿ!”

ಹಲ್ಲು ಮೇಸ್ತ್ರಿ ಈ ಘೋರ ಪ್ರತಿಜ್ಞೆ ಮಾಡಿದಾಗ ಅವನ ಬಲಗೈಯಲ್ಲಿ ಮೇಣ ಕೆತ್ತುವ ಚಾಕುವಿತ್ತು, ಎಡಗೈಯಲ್ಲಿ ಯಾರದೋ ಕೆಳದವಡೆಯಿತ್ತು. ಹೆಂಡತಿ ತಲೆ ಎತ್ತಲಿಲ್ಲ. ಅವಳು ಬಸ್ ಡಿಪೋದಲ್ಲಿ ಟೈಮ್‌ಕೀಪರ್. “ಇನ್ನೇನು, ಐದೇ ನಿಮಿಷ” ಎನ್ನುವ ಡ್ರೈವರುಗಳನ್ನು ಇಪ್ಪತ್ತೆರಡು ವರ್ಷಗಳಿಂದ ನೋಡಿದವಳು. ಗಂಡಸರ ಮಾತನ್ನು ಅವಳು ನಂಬುವುದು ಬಸ್ಸು ಗೇಟು ದಾಟಿದ ಮೇಲೆಯೇ.

“ಕಸುಬನ್ನ ನೀವು ಬಿಡೋದು ಬೇಡ ರೀ,” ಎಂದಳು. “ಅದೇ ನಿಮ್ಮನ್ನ ಬಿಡೋ ಹಾಗೆ ಕಾಣ್ತಿದೆ.”

ಮಾತು ಚುಚ್ಚಿದರೂ ನಿಜವಾಗಿತ್ತು. ಮೇಸ್ತ್ರಿ ಎಂದರೆ ಗೋಡೆ ಕಟ್ಟುವವನಲ್ಲ, ಹಲ್ಲು ಕಟ್ಟುವವನು. ಮೂಲೆಯ ದವಾಖಾನೆಯ ಹಲ್ಲಿನ ಡಾಕ್ಟರಮ್ಮ ಹತ್ತೊಂಬತ್ತು ವರ್ಷಗಳಿಂದ ಅವನಿಗೆ ಬೊಚ್ಚುಬಾಯಿಗಳ ಅಚ್ಚು ಕಳಿಸುತ್ತಿದ್ದರು. ಅವನು ಅಡುಗೆಮನೆಗೆ ಅಂಟಿಕೊಂಡ ಪುಟ್ಟ ಕೋಣೆಯಲ್ಲಿ ಕೂತು, ಪ್ಲಾಸ್ಟರು, ಮೇಣ, ಒಸಡಿನ ಬಣ್ಣದ ಗುಲಾಬಿ ಪುಡಿಗಳ ನಡುವೆ ತಪಸ್ಸು ಮಾಡಿ, ಹಲ್ಲುಸೆಟ್ಟುಗಳನ್ನು ಸೃಷ್ಟಿಸಿ ಕಳಿಸುತ್ತಿದ್ದ. ಊರಿನಲ್ಲಿ ಅರ್ಧ ಜನ ನಗುವುದು ತನ್ನ ಕೃಪೆಯಿಂದ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಯಾರಾದರೂ ಮುದುಕರು ಎದುರು ಬಂದು ನಕ್ಕರೆ ಅವನು ನೋಡುತ್ತಿದ್ದುದು ಅವರ ಮುಖವನ್ನಲ್ಲ, ತನ್ನ ಕೈಕೆಲಸವನ್ನು.

ಈಚೆಗೆ ಒಂದು ಹೊಸ ಕಂಪನಿ ಹುಟ್ಟಿಕೊಂಡು, ಯಂತ್ರದಲ್ಲೇ ಹಲ್ಲು ಕೊರೆದುಕೊಡುತ್ತೇವೆಂದು ಡಾಕ್ಟರಮ್ಮನ ಮೇಜಿನ ಮೇಲೆ ಬಣ್ಣಬಣ್ಣದ ಪುಸ್ತಕ ಇಟ್ಟು ಹೋಗಿತ್ತು. ಸಾಲದ್ದಕ್ಕೆ, ತರಕಾರಿ ಅಂಗಡಿಯಲ್ಲಿ ಅತ್ತೆ ಡಾಕ್ಟರಮ್ಮನಿಗೆ ಸಿಕ್ಕಿಬಿಟ್ಟರು.

ಅತ್ತೆ ಎಂದರೆ ಮೇಸ್ತ್ರಿಯ ಹೆಂಡತಿಯ ತಾಯಿ. ಮೂರು ತಿಂಗಳ ಹಿಂದೆ ಅವರಿಗೆ ಮೇಸ್ತ್ರಿಯೇ ಒಂದು ಸೆಟ್ಟು ಮಾಡಿಕೊಟ್ಟಿದ್ದ. ಬೆಳಗಿನಿಂದ ಸಂಜೆಯವರೆಗೂ ಅತ್ತೆ ಅದನ್ನು ಹಾಕಿಕೊಂಡು ಮಾತಾಡುತ್ತಿದ್ದರು. ಊಟಕ್ಕೆ ಕೂರುವಾಗ ಮಾತ್ರ ತೆಗೆದು ಸ್ಟೀಲ್ ಬಟ್ಟಲಿನ ನೀರಿಗೆ ಬಿಟ್ಟು, ಮೆತ್ತಗಿನ ಅನ್ನವನ್ನು ಒಸಡಿನಲ್ಲೇ ನುರಿಸುತ್ತಿದ್ದರು.

“ಅಳಿಯಂದಿರು ಮಾಡಿಕೊಟ್ಟ ಹಲ್ಲಾ? ಬಂಗಾರದಂಥ ಹಲ್ಲು!” ಎಂದರಂತೆ ಅತ್ತೆ, ಬದನೆಕಾಯಿ ಆರಿಸುತ್ತಾ. “ಊಟ ಮಾಡಿ ಯಾಕೆ ಹಾಳು ಮಾಡ್ಬೇಕು ಅಂತ ತೆಗೆದಿಟ್ಬಿಡ್ತೀನಿ.”

ಅತ್ತೆ ಹೊಗಳಿದ್ದೇ. ಆದರೆ ಕೇಳಿಸಿಕೊಂಡದ್ದು ಹಲ್ಲಿನ ಡಾಕ್ಟರು! ಮರುದಿನವೇ ಮೇಸ್ತ್ರಿಗೆ ಕರೆ ಬಂತು.

“ಮೇಸ್ತ್ರಿಗಳೇ, ನೀವು ಮಾಡಿದ ಹಲ್ಲನ್ನ ನಿಮ್ಮ ಮನೆಯೋರೇ ಊಟಕ್ಕೆ ಹಾಕ್ಕೊಳ್ಳಲ್ವಂತೆ?”

“ಅದು ಮೇಡಂ... ನಮ್ಮತ್ತೆದು ಸ್ವಲ್ಪ ಜೋಪಾನದ ಸ್ವಭಾವ.”

“ಹಲ್ಲು ಜೋಪಾನ ಮಾಡೋ ವಸ್ತು ಅಲ್ಲ, ಅಗಿಯೋ ವಸ್ತು. ಭಾನುವಾರ ಒಂದು ಗಂಟೆಗೆ ನಿಮ್ಮನೆಗೆ ಊಟಕ್ಕೆ ಬರ್ತೀನಿ. ನನ್ನ ಕಣ್ಣೆದುರಿಗೆ ಅವರು ಆ ಹಲ್ಲಲ್ಲಿ ಏನಾದ್ರೂ ಗಟ್ಟಿಯಾದ್ದನ್ನ ಅಗಿದು ನುಂಗ್ಲಿ. ನುಂಗಿದ್ರೆ ನನ್ನ ಕೆಲಸವೆಲ್ಲ ಎಂದಿನ ಹಾಗೆ ನಿಮಗೇ. ಇಲ್ಲಾಂದ್ರೆ ಸೋಮವಾರದಿಂದ ಯಂತ್ರಕ್ಕೆ.”

ಹೀಗೆ ಮೇಸ್ತ್ರಿಯ ಅನ್ನ, ಅಭಿಮಾನ, ಹತ್ತೊಂಬತ್ತು ವರ್ಷಗಳ ಕೀರ್ತಿ ಎಲ್ಲವೂ ಅತ್ತೆಯ ಬಾಯಿಗೆ ಹೋಗಿ ಕೂತವು.

ಗಟ್ಟಿಯಾದ್ದು ಎಂದರೆ ಏನು ಬೇಕಾದರೂ ಆಗಬಹುದಿತ್ತು. ಮೇಸ್ತ್ರಿ ಚೈನೀಸ್ ಬೆಂಡೆಕಾಯಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಹೋದ ತಿಂಗಳು ಡಿಪೋದ ಮ್ಯಾನೇಜರು ನಿವೃತ್ತರಾದಾಗ ಎಲ್ಲರಿಗೂ ಮನೆಮಂದಿ ಸಮೇತ ಹೋಟೆಲಿನಲ್ಲಿ ಊಟ ಹಾಕಿಸಿದ್ದರು. ಅಲ್ಲಿ ಬೆಂಡೆಕಾಯಿಯನ್ನು ಉದ್ದುದ್ದ ಸೀಳಿ, ಗರಿಗರಿ ಕರಿದು, ಬೆಳ್ಳುಳ್ಳಿ, ಹಸಿಮೆಣಸು, ಸೋಯಾ ಸಾಸಿನಲ್ಲಿ ಹೊರಳಿಸಿ ತಂದಿಟ್ಟರು. ಖಾರ ನಮ್ಮದು, ಸಾಸು ಚೀನಾದ್ದು, ಬೆಂಡೆಕಾಯಿ ಪಾಪ ನಡುವೆ ಸಿಕ್ಕಿಕೊಂಡದ್ದು! ಅತ್ತೆ ಒಂದೊಂದೇ ಕಡ್ಡಿಯನ್ನು ಬಾಯಿಗಿಟ್ಟು, ಸಾಸನ್ನೆಲ್ಲ ಚೀಪಿ, ಬೆಂಡೆಕಾಯಿಯನ್ನು ತಟ್ಟೆಯ ಅಂಚಿಗೆ ಬೇಲಿಯಂತೆ ಸಾಲಾಗಿ ಜೋಡಿಸಿದರು. ಆಮೇಲೆ ಮೆಲ್ಲಗೆ, “ರುಚಿ ಗೊತ್ತಾಯ್ತು ಕಣಮ್ಮ. ಸದ್ದು ಗೊತ್ತಾಗ್ಲಿಲ್ಲ,” ಎಂದರು. ಆ ಬೇಲಿ ಮೇಸ್ತ್ರಿಯ ಕಣ್ಣಿಗೆ ಇನ್ನೂ ಕಟ್ಟಿದಂತಿತ್ತು.

ಅವನು ನೇರವಾಗಿ ಆ ಹೋಟೆಲಿಗೇ ಹೋದ. ಅಡುಗೆಯವನನ್ನು ಹಿತ್ತಿಲ ಬಾಗಿಲಲ್ಲಿ ಹಿಡಿದು, ಅವನ ಅಲುಗಾಡುವ ಮುಂಬಲ್ಲಿಗೆ ಉಪದೇಶ ಕೊಟ್ಟು, ಬದಲಿಗೆ ಬೆಂಡೆಕಾಯಿಯ ಉಪದೇಶ ಪಡೆದ.

“ತೊಳೆದ ಮೇಲೆ ಒರೆಸಿ ಒಣಗಿಸಿ, ಆಮೇಲೇ ಕುಯ್ಯಿರಿ ಸಾರ್. ಕುಯ್ದ ಮೇಲೆ ನೀರು ಮುಟ್ಟಿಸಿದ್ರೋ, ಲೋಳೆ! ಕಾರ್ನ್‌ಫ್ಲೋರ್ ಉದುರಿಸಿ ಎರಡು ಸಲ ಕರೀಬೇಕು. ಸಾಸಲ್ಲಿ ಹೊರಳಿಸಿದ ಮೇಲೆ ಅದಕ್ಕೆ ಐದೇ ನಿಮಿಷ ಆಯುಸ್ಸು. ಆರನೇ ನಿಮಿಷಕ್ಕೆ ಅದು ಬೆಂಡೆಕಾಯಲ್ಲ, ಒದ್ದೆ ದಾರ.”

ಭಾನುವಾರ ಬಂತು. ಬೆಳಿಗ್ಗೆ ಮೇಸ್ತ್ರಿ ಹಲ್ಲಿನ ಅಗಲ ಅಳೆಯುವ ಮಾಪಕ ಹಿಡಿದು ತರಕಾರಿ ಅಂಗಡಿಗೆ ಹೋಗಿ, ಒಂದೇ ಉದ್ದದ, ಒಂದೇ ದಪ್ಪದ, ಸೈನಿಕರಂತೆ ನೆಟ್ಟಗೆ ನಿಲ್ಲುವ ಬೆಂಡೆಕಾಯಿಗಳನ್ನು ಆರಿಸಿ ತಂದ. ಹೆಂಡತಿ ಒಂದನ್ನು ಎತ್ತಿ ನೋಡಿದಳು.

“ತುದಿ ಮುರಿದು ನೋಡಿ ತಂದ್ರಾ?”

“ಅಳೆದು ತಂದಿದ್ದೀನಿ!”

“ಬಲಿತುಹೋಗಿದೆ ರೀ. ಇದರಲ್ಲಿ ಬಾವಿಯಿಂದ ನೀರು ಸೇದಬಹುದು. ಫ್ರಿಜ್ಜಲ್ಲಿ ನಾನು ತಂದ ಎಳೇದು ಅರ್ಧ ಕೇಜಿ ಇದೆ, ನಿಮ್ಮ ಪ್ರಯೋಗ ಎಲ್ಲ ಮುಗಿದ ಮೇಲೆ ಹೇಳಿ.”

ಮೇಸ್ತ್ರಿ ಹಲ್ಲು ಕಚ್ಚಿಕೊಂಡು ತಾನು ತಂದವನ್ನೇ ಎತ್ತಿಕೊಂಡ. ಬೆಂಡೆಕಾಯಿ ತೊಳೆದ, ಒರೆಸಿದ, ಪ್ಲಾಸ್ಟರ್ ಒಣಗಿಸುವ ಫ್ಯಾನಿನ ಎದುರು ಸಾಲಾಗಿ ಮಲಗಿಸಿದ. ಮೇಣದ ಚಾಕುವಿನಲ್ಲಿ ಒಂದೊಂದನ್ನೂ ನಾಲ್ಕು ಸಮಪಾಲು ಸೀಳಿದ. ಹನ್ನೊಂದೂ ಮುಕ್ಕಾಲಿಗೆ ಮೊದಲ ಬಾಣಲೆ ಇಳಿಯಿತು. ಬಣ್ಣ ಸರಿಯಾಗಿ ಬಂದಿದೆಯೇ? ಅವನ ಬಳಿ ಹಲ್ಲಿನ ಬಣ್ಣ ಹೋಲಿಸುವ ಪಟ್ಟಿಯೊಂದಿತ್ತು. ಬಿಳಿಯಿಂದ ಕಂದಿನವರೆಗೆ ಹದಿನಾರು ಹಲ್ಲು ಸಾಲಾಗಿ ಅಂಟಿಸಿದ ಪಟ್ಟಿ. ಅದನ್ನು ಬಾಣಲೆಯ ಪಕ್ಕ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ.

“ಮೂವತ್ತು ವರ್ಷ ಸಿಗರೇಟು ಸೇದಿದೋರ ಹಲ್ಲಿನ ಬಣ್ಣ. ಸರಿಯಾಗಿದೆ!” ಎಂದು ಘೋಷಿಸಿದ.

ಒಂದು ಕಡ್ಡಿ ಬಾಯಿಗೆ ಹಾಕಿಕೊಂಡ. ಕರುಂ! ಆಹಾ! ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಸುಬುದಾರನ ತಲೆಗೆ ಒಂದು ಹುಳ ಹೊಕ್ಕಿತು. ಈಗ ಕಚ್ಚಿದ್ದು ತನ್ನ ಸ್ವಂತ ಹಲ್ಲು. ಪರೀಕ್ಷೆ ಇರುವುದು ಅತ್ತೆಯ ಹಲ್ಲಿಗೆ!

ಅವನ ಕೋಣೆಯಲ್ಲಿ ದವಡೆ ಯಂತ್ರ ಎಂಬುದೊಂದಿತ್ತು. ಹಿತ್ತಾಳೆಯ ಕೀಲಿಗೆ ಮೇಲೊಂದು ಕೆಳಗೊಂದು ಪ್ಲಾಸ್ಟರ್ ದವಡೆ. ಸೆಟ್ಟನ್ನು ಅದಕ್ಕೆ ಕೂರಿಸಿ ಬಾಯಿ ತೆರೆದು ಮುಚ್ಚಿದಂತೆ ಆಡಿಸಿದರೆ, ಯಾರ ಬಾಯಿಯ ಹಂಗೂ ಇಲ್ಲದೆ ಹಲ್ಲು ಕಚ್ಚುವುದನ್ನು ನೋಡಬಹುದು. ಮೇಸ್ತ್ರಿ ನಡುಮನೆಗೆ ಹೋಗಿ ಕೈ ಚಾಚಿದ.

“ಅತ್ತೇ, ಹಲ್ಲು ಕೊಡಿ, ಪಾಲಿಶ್ ಮಾಡಿಕೊಡ್ತೀನಿ. ಡಾಕ್ಟರಮ್ಮ ಬರ್ತಾರಲ್ಲ.”

“ತಗೊಳ್ಳಿ ಅಳಿಯಂದಿರೇ. ಹನ್ನೆರಡೂ ಕಾಲಿಗೆ ತಂಗಿ ಫೋನ್ ಮಾಡ್ತಾಳೆ, ಅಷ್ಟರಲ್ಲಿ ಕೊಟ್ಬಿಡಿ. ಹಲ್ಲಿಲ್ದೆ ಮಾತಾಡಿದ್ರೆ ಯಾರೋ ಬೇರೇಯೋರು ಅಂತ ಇಟ್ಬಿಡ್ತಾಳೆ,” ಎಂದು ಅತ್ತೆ ಹಲ್ಲು ತೆಗೆದುಕೊಟ್ಟರು.

ಒಂದು ಕಡ್ಡಿ ಇಟ್ಟು ದವಡೆ ಒತ್ತಿದ. ಕರುಂ. ಸದ್ದು ಬಂತು, ಆದರೆ ಬೀದಿ ತುದಿಗೆ ಸಾಲದು. ಮೂರು ಕಡ್ಡಿ ಇಟ್ಟ. ಕರುಂ ಕುರುಂ. ಎದುರುಮನೆಗೆ ಸಾಕು, ಔಷಧಿ ಅಂಗಡಿಗೆ ಸಾಲದು. ಆಗ, ತಾನು ಅಳೆದು ತಂದ ಬೆಂಡೆಕಾಯಿಗಳಿಂದ ಕುಯ್ದಿಟ್ಟಿದ್ದ ಬಲಿತ ತೊಟ್ಟೊಂದನ್ನು ಮುಂಬಲ್ಲುಗಳ ನಡುವೆ ಇಟ್ಟು, ಎದ್ದು ನಿಂತು, ಎರಡೂ ಅಂಗೈಗಳಿಂದ ಮೈಭಾರವನ್ನೆಲ್ಲ ಬಿಟ್ಟು ಒತ್ತಿದ.

ಟಕ್!

ಬೆಂಡೆಕಾಯಿಗೆ ಏನೂ ಆಗಿರಲಿಲ್ಲ. ಅತ್ತೆಯ ಮೇಲ್ದವಡೆ ನಡುಮಧ್ಯಕ್ಕೆ ಸರಿಯಾಗಿ ಎರಡು ಹೋಳಾಗಿತ್ತು.

“ಅದೇನ್ರೀ ಸದ್ದು?” ಅಡುಗೆಮನೆಯಿಂದ ಹೆಂಡತಿ.

“ಬೆಂ... ಬೆಂಡೆಕಾಯಿ.”

“ಬೆಂಡೆಕಾಯಿ ಕರುಂ ಅನ್ನುತ್ತೆ ಅಂದಿದ್ರಿ. ಇದು ಟಕ್ ಅಂತು.” ಅವಳು ಬಾಗಿಲಿಗೆ ಬಂದಳು. “ಯಾಕ್ರೀ, ಮುಖ ಪ್ಲಾಸ್ಟರ್ ಬಣ್ಣಕ್ಕೆ ತಿರುಗಿದೆ?”

ಮೇಸ್ತ್ರಿ ಅಂಗೈ ಬಿಚ್ಚಿದ. ಎಡಕ್ಕೆ ಏಳು ಹಲ್ಲು, ಬಲಕ್ಕೆ ಏಳು ಹಲ್ಲು.

ಹೆಂಡತಿ ಕಿರುಚಲಿಲ್ಲ. ಮೊದಲು ಗಡಿಯಾರ ನೋಡಿದಳು.

“ಹನ್ನೆರಡೂ ಮೂರು. ಡಾಕ್ಟರು ಬರೋದು ಒಂದಕ್ಕೆ. ಜೋಡಿಸೋಕೆ ಎಷ್ಟೊತ್ತು ಬೇಕು?”

“ಸರಿಯಾಗಿ ಮಾಡಿದ್ರೆ ಒಂದು ದಿನ.”

“ತಪ್ಪಾಗಿ ಮಾಡಿದ್ರೆ?”

“ನಲವತ್ತು ನಿಮಿಷ.”

“ತಪ್ಪಾಗೇ ಮಾಡಿ!”

“ಅತ್ತೆಗೆ ಮಾತ್ರ ಹೇಳಬೇಡ ಕಣೇ! ಅವರಿಗೆ ಹೇಳಿದ್ರೆ ನಿಮ್ಮ ಚಿಕ್ಕಮ್ಮನಿಗೆ ಗೊತ್ತಾಗುತ್ತೆ. ಚಿಕ್ಕಮ್ಮನಿಗೆ ಗೊತ್ತಾದ್ರೆ ಡಾಕ್ಟರಮ್ಮನಿಗೇನು, ಆ ಯಂತ್ರಕ್ಕೂ ಗೊತ್ತಾಗುತ್ತೆ!”

ಮೇಸ್ತ್ರಿ ಬೆಂಚಿಗೆ ಕೂತ. ಹತ್ತೊಂಬತ್ತು ವರ್ಷಗಳಲ್ಲಿ ಅವನು ನೂರಾರು ಮುರಿದ ಸೆಟ್ಟು ಜೋಡಿಸಿದ್ದ. ಆದರೆ ಅವೆಲ್ಲ ಬೇರೆಯವರು ಮುರಿದವು. ಎರಡು ಹೋಳುಗಳನ್ನು ಮೇಣದಲ್ಲಿ ಅಂಟಿಸಿದ. ಜಾರಿತು. ಮತ್ತೆ ಅಂಟಿಸಿದ. ಬೆಳಕಿಗೆ ಹಿಡಿದ. ಕೂದಲೆಳೆಯಷ್ಟು ವ್ಯತ್ಯಾಸ ಉಳಿದಂತಿತ್ತು. ಕೂದಲೆಳೆ ಎಂದರೆ ತಲೆಯ ಮೇಲೆ ಏನೂ ಅಲ್ಲ, ಬಾಯೊಳಗೆ ಅದು ಬಂಡೆಗಲ್ಲು. ತೆಗೆದು ಇನ್ನೊಮ್ಮೆ ಜೋಡಿಸೋಣವೇ?

“ಹನ್ನೆರಡೂ ಹದಿನಾಲ್ಕು,” ಎಂದಳು ಹೆಂಡತಿ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

“ಅರಿಯಂದಿರೇ! ಅಲ್ಲು!” ಎಂದು ನಡುಮನೆಯಿಂದ ಅತ್ತೆಯ ಕೂಗು. ಹೆಂಡತಿ ಓಡಿಹೋಗಿ ಫೋನು ಎತ್ತಿ, “ಚಿಕ್ಕಮ್ಮ, ಅಮ್ಮ ಸ್ನಾನಕ್ಕೆ ಹೋಗಿದಾರೆ,” ಎಂದು ಇಟ್ಟಳು. ಎರಡಡಿ ದೂರದಲ್ಲಿ ಕೂತಿದ್ದ ಅತ್ತೆ ಮಗಳನ್ನು ನುಂಗುವಂತೆ ನೋಡಿದರು. ಬೈಯಲು ಬಾಯಿ ತೆರೆದರು. ಹಲ್ಲಿಲ್ಲದ ಬೈಗುಳ ಬರೀ ಗಾಳಿಯಾಗಿ ಹೋಯಿತು. ಅವರು ಆ ಲೆಕ್ಕವನ್ನು ಒಳಗೇ ಇಟ್ಟುಕೊಂಡಂತೆ ಕಂಡಿತು.

ಮೇಸ್ತ್ರಿ ಬಿರುಕಿನುದ್ದಕ್ಕೂ ಕಾಲುವೆ ತೋಡಿದ. ಗುಲಾಬಿ ಪುಡಿ ತುಂಬಿ, ಅದಕ್ಕೆ ಘಾಟು ದ್ರವದ ಹನಿ ಬಿಟ್ಟ. ಕಣ್ಣುರಿಸುವ ವಾಸನೆ ಇಡೀ ಮನೆಗೆ ಹಬ್ಬಿತು. ಇನ್ನು ಇದು ಗಟ್ಟಿಯಾಗುವವರೆಗೆ ಬಿಸಿನೀರಿನಲ್ಲಿ ಅಲುಗಾಡದಂತೆ ಒತ್ತಿ ಹಿಡಿಯಬೇಕು. ಆದರೆ ಅಡುಗೆಮನೆಯಲ್ಲಿ ಎಣ್ಣೆ ಹೊಗೆಯಾಡುತ್ತಿತ್ತು. ಎಳೆಯ ಬೆಂಡೆಕಾಯಿ ಇನ್ನೂ ಫ್ರಿಜ್ಜಿನಲ್ಲೇ ಇತ್ತು. ಬೆಳ್ಳುಳ್ಳಿ ಇನ್ನೂ ಸಿಪ್ಪೆಯೊಳಗೇ ಇತ್ತು!

“ಹಿಡ್ಕೋ!” ಎಂದ.

“ಏನು? ನಾನಾ?”

“ಕಾಲು ಗಂಟೆ. ಹೆಬ್ಬೆರಳು ಇಲ್ಲಿ, ತೋರುಬೆರಳು ಅಲ್ಲಿ. ಅಲ್ಲಾಡಿಸಬೇಡ. ಉಸಿರೂ ಮೆಲ್ಲಗೆ ಬಿಡು.”

“ಡಿಪೋದಲ್ಲಿ ಒಂದು ದಿನಾನೂ ಒಂದು ಬಸ್ಸನ್ನ ನಾನು ಹಿಡಿದು ನಿಲ್ಲಿಸಿದೋಳಲ್ಲ. ಈಗ ನನ್ನ ಹೆತ್ತಮ್ಮನ ದವಡೆ ಹಿಡ್ಕೊಂಡು ನಿಲ್ಲೋ ಹಾಗೆ ಮಾಡಿದ್ರಲ್ಲ ರೀ!”

ಮೇಸ್ತ್ರಿ ಉತ್ತರ ಕೊಡಲು ಅಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಬೆಂಡೆಕಾಯಿ ಒರೆಸುತ್ತಿದ್ದ, ಸೀಳುತ್ತಿದ್ದ, ಬೆಳ್ಳುಳ್ಳಿ ಜಜ್ಜುತ್ತಿದ್ದ. ಅಳತೆಯೂ ಇಲ್ಲ, ಬಣ್ಣದ ಪಟ್ಟಿಯೂ ಇಲ್ಲ. ಮಾಪಕ ಎಣ್ಣೆಯ ಡಬ್ಬಿಯ ಹಿಂದೆ ಎಲ್ಲೋ ಬಿದ್ದಿತ್ತು. ಕೋಣೆಯಿಂದ ರೇಡಿಯೋದಂತೆ ಹೆಂಡತಿಯ ದನಿ ಬರುತ್ತಲೇ ಇತ್ತು. “ಹನ್ನೆರಡೂ ಮೂವತ್ತಾರು.” “ಹನ್ನೆರಡೂ ನಲವತ್ತೊಂದು.” ಮೊದಲ ಸಲ ಕರಿದದ್ದಾಯಿತು. ಎರಡನೇ ಸಲಕ್ಕೆ ಎಣ್ಣೆ ಕಾಯಬೇಕು.

ಹನ್ನೆರಡೂ ನಲವತ್ತೆಂಟಕ್ಕೆ ಬಾಗಿಲ ಗಂಟೆ ಹೊಡೆಯಿತು!

“ಹನ್ನೆರಡು ನಿಮಿಷ ಮುಂಚೆ ಬಂದಿದಾರೆ!” ಹೆಂಡತಿಯ ದನಿಯಲ್ಲಿ ಜೀವಮಾನದ ಆಘಾತವಿತ್ತು. ತಡವಾಗಿ ಬರುವ ಗಾಡಿಗಳನ್ನು ನಿಭಾಯಿಸುವುದು ಅವಳಿಗೆ ಗೊತ್ತು. ಮುಂಚೆ ಬರುವ ಗಾಡಿಗೆ ಅವಳ ಡಿಪೋದಲ್ಲಿ ನಿಯಮವೇ ಇರಲಿಲ್ಲ.

ಒಬ್ಬಳ ಕೈಯಲ್ಲಿ ದವಡೆ, ಒಬ್ಬನ ಕೈಯಲ್ಲಿ ಜಾಲರಿ ಸೌಟು. ಬಾಗಿಲು ತೆರೆದದ್ದು ಅತ್ತೆ, ಬಾಯಿಗೆ ಟವೆಲ್ ಒತ್ತಿಕೊಂಡು.

“ನಮಸ್ಕಾರ ಅಮ್ಮಾ. ಏನಾಯ್ತು, ನೆಗಡಿನಾ?”

“ಹೂಂ,” ಎಂದರು ಅತ್ತೆ. ಅವರ ಬಾಯಿಂದ ಅಷ್ಟು ಚಿಕ್ಕ ಮಾತು ಹೊರಟದ್ದು ಈ ಮನೆಯಲ್ಲಿ ಅದೇ ಮೊದಲು.

ಡಾಕ್ಟರಮ್ಮ ಕೂತರು. ಅತ್ತೆಯನ್ನು ನೋಡಿದರು. ಟವೆಲನ್ನು ನೋಡಿದರು. ಮೇಸ್ತ್ರಿ ಹಲ್ಲು ಕಿರಿಯುತ್ತಾ ಹೊರಗೆ ಬಂದ.

“ಎಲ್ಲಿ ಮೇಸ್ತ್ರಿಗಳೇ, ಇವರ ಹಲ್ಲು?”

“ಬರ್ತವೆ ಮೇಡಂ, ಊಟದ ಹೊತ್ತಿಗೆ.”

“ಬರ್ತವಾ? ಎಲ್ಲಿಗೆ ಹೋಗಿವೆ?”

“ಅಂದ್ರೆ... ಪಾಲಿಶ್‌ಗೆ. ಒಳಗೇ ಇವೆ. ಹತ್ತಿರದಲ್ಲೇ.”

ಡಾಕ್ಟರಮ್ಮ ಮೂಗು ಅರಳಿಸಿದರು. ಆ ಘಾಟು ವಾಸನೆಯಲ್ಲೇ ಅರ್ಧ ಆಯುಸ್ಸು ಕಳೆದ ಮೂಗು ಅದು. “ಏನೋ ಪರಿಚಯದ ವಾಸನೆ ಇದೆಯಲ್ಲ?”

“ವಿನೆಗರ್ ಮೇಡಂ!” ಎಂದು ಮೇಸ್ತ್ರಿ ಒಳಗೆ ಓಡಿದ. ಹೇಳಿದ್ದನ್ನು ನಿಜ ಮಾಡಬೇಕಲ್ಲ! ಬಾಟಲಿ ಎತ್ತಿ ಸಾಸಿನ ಬಟ್ಟಲಿಗೆ ಸುರಿದ. ಒಂದು ಚಮಚ ಬೀಳಬೇಕಾದಲ್ಲಿ ನಾಲ್ಕು ಚಮಚ ಬಿತ್ತು. ಹುಳಿ ಕೊಲ್ಲಲು ಸಕ್ಕರೆ ಹಾಕಿದ. ಸಿಹಿ ಕೊಲ್ಲಲು ಸೋಯಾ ಸಾಸ್ ಸುರಿದ. ಅದನ್ನು ಕೊಲ್ಲಲು ಹಸಿಮೆಣಸು. ಬಟ್ಟಲಿನಲ್ಲಿ ಯಾರು ಯಾರನ್ನು ಕೊಂದರೋ ಅವನಿಗೆ ತಿಳಿಯಲಿಲ್ಲ.

“ರೀ, ಗಟ್ಟಿಯಾಗಿದೆ!” ಎಂದು ಕೋಣೆಯಿಂದ ಪಿಸುಮಾತು.

ಮೇಸ್ತ್ರಿ ಹಾರಿ ಹೋಗಿ ಸೆಟ್ಟನ್ನು ದವಡೆ ಯಂತ್ರಕ್ಕೆ ಕೂರಿಸಿದ. ಮುಂದಿನ ಹಲ್ಲುಗಳು ಕೂಡುತ್ತಿರಲಿಲ್ಲ. ಹಿಂದಿನ ಹಲ್ಲುಗಳು ಮೊದಲೇ ತಾಗಿ ನಿಲ್ಲುತ್ತಿದ್ದವು. ಆ ಕೂದಲೆಳೆ! ಅಂಗುಳದ ನಡುವೆ ಬೇರೆ, ಜೋಡಿಸಿದ ಕಡೆ ಗುಲಾಬಿ ದಿಬ್ಬವೊಂದು ಎದ್ದಿತ್ತು. ದಿಬ್ಬ ತೆಗೆಯಲು ಹೊತ್ತಿಲ್ಲ. ಅರ ಎತ್ತಿಕೊಂಡು ಹಿಂದಿನ ಹಲ್ಲುಗಳನ್ನು ಉಜ್ಜಿದ. ಕರ್ ಕರ್ ಕರ್.

“ಏನದು ಉಜ್ಜೋ ಸದ್ದು?” ನಡುಮನೆಯಿಂದ ಡಾಕ್ಟರಮ್ಮ.

“ಶುಂಠಿ ತುರೀತಿದಾರೆ ಡಾಕ್ಟ್ರೇ!” ಎಂದಳು ಹೆಂಡತಿ, ಜೀವನದಲ್ಲಿ ಒಂದೇ ದಿನಕ್ಕೆ ಎರಡನೇ ಸುಳ್ಳು ಹೇಳಿ.

ಇನ್ನೆರಡು ಉಜ್ಜು. ಇನ್ನೊಂದು. ಹಲ್ಲುಗಳು ಹೇಗೋ ಒಂದಕ್ಕೊಂದು ತಾಗಿದವು. ತೊಳೆದು ಹೆಂಡತಿಯ ಕೈಗೆ ಕೊಟ್ಟು, “ಹಾಕಿಸು, ದೇವರಿದ್ದಾನೆ,” ಎಂದು ಒಲೆಗೆ ಓಡಿದ. ಎರಡನೇ ಸಲ ಕರಿದ. ಇನ್ನೊಂದು ಬಾಣಲೆಯಲ್ಲಿ ಬೆಳ್ಳುಳ್ಳಿ, ಶುಂಠಿ, ಈರುಳ್ಳಿ, ದಪ್ಪ ಮೆಣಸಿನಕಾಯಿ. ದೊಡ್ಡ ಉರಿ. ಸಾಸು ಸುರಿದದ್ದೇ ಭುಸ್ಸೆಂದು ಹೊಗೆ ಎದ್ದಿತು. ಬೆಂಡೆಕಾಯಿ ಹಾಕಿ ಎರಡು ಸಲ ಎಗರಿಸಿದ. ಐದು ನಿಮಿಷದ ಆಯುಸ್ಸು ಶುರುವಾಯಿತು!

ಅತ್ತೆ ಹಲ್ಲು ಹಾಕಿಕೊಂಡು ಬಂದು ಮೇಜಿಗೆ ಕೂತರು. ಏನೋ ಹೇಳಲು ಬಾಯಿ ತೆರೆದರು. ಹುಬ್ಬು ಗಂಟಿಕ್ಕಿತು. ಹಾಗೇ ಬಾಯಿ ಮುಚ್ಚಿಬಿಟ್ಟರು. ಮೇಸ್ತ್ರಿ ಅದನ್ನು ನೋಡಿಯೂ ನೋಡದವನಂತೆ ಬೆಂಡೆಕಾಯಿ ಬಡಿಸಿಕೊಂಡು ಬಂದ.

ತಟ್ಟೆ ಇಟ್ಟ. ಒಂದು ನಿಮಿಷ ಹೋಯಿತು. ಅತ್ತೆ ಒಂದು ಕಡ್ಡಿ ಎತ್ತಿ ತಿರುಗಿಸಿ ನೋಡಿದರು. ಎರಡು ನಿಮಿಷ. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡರು. ಹೆಂಡತಿಯ ತುಟಿ ಸದ್ದಿಲ್ಲದೆ ಸೆಕೆಂಡು ಎಣಿಸುತ್ತಿತ್ತು. ಅತ್ತೆ ಕಡ್ಡಿಯನ್ನು ಬಾಯಿಗಿಟ್ಟು ಎಂದಿನಂತೆ ಮೊದಲು ಸಾಸು ಚೀಪಿದರು. ಅಯ್ಯೋ, ಚೀಪುತ್ತಿದ್ದಾರೆ! ಇನ್ನೇನು ತಟ್ಟೆಯ ಅಂಚಿಗೆ ಬೇಲಿ ಎದ್ದೇಳುತ್ತದೆ! ಮೂರು ನಿಮಿಷ. ಮೇಸ್ತ್ರಿಗೆ ಸೋಮವಾರದ ಬೆಳಗು ಕಣ್ಣಿಗೆ ಕಟ್ಟಿತು. ಖಾಲಿ ಬೆಂಚು, ಆರಿದ ದೀಪ, ಪ್ಲಾಸ್ಟರಿನ ತೆರೆಯದ ಚೀಲ.

ಅತ್ತೆ ಕಡ್ಡಿಯನ್ನು ಬಾಯಿಂದ ಹೊರಗೆ ತೆಗೆಯಲಿಲ್ಲ. ಮೆಲ್ಲಗೆ ದವಡೆ ಕೂಡಿಸಿದರು.

ಕರುಂ!

ಅತ್ತೆಯ ಕಣ್ಣು ಅಗಲವಾಯಿತು. ಆ ಸದ್ದು ಬಂದದ್ದು ತಮ್ಮ ತಲೆಯೊಳಗಿನಿಂದ ಎಂಬುದು ಅವರಿಗೇ ನಂಬಿಕೆಯಾಗದಂತೆ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದರು. ಇನ್ನೊಂದು ಕಡ್ಡಿ ಎತ್ತಿದರು. ಕರುಂ! ಆಮೇಲೆ ಎರಡು ಒಟ್ಟಿಗೆ. ಕರುಂ ಕುರುಂ! ಆಮೇಲೆ ಅವರು ಯಾರ ಮುಖವನ್ನೂ ನೋಡಲಿಲ್ಲ. ತಮ್ಮ ತಟ್ಟೆ ಮುಗಿಸಿದರು, ನಡುವಿನ ತಟ್ಟೆಯನ್ನು ಎಳೆದುಕೊಂಡರು, ಅದನ್ನೂ ಮುಗಿಸಿದರು. ಒಂದೇ ಒಂದು ಮಾತಿಲ್ಲ.

“ಭೇಷ್!” ಎಂದರು ಡಾಕ್ಟರಮ್ಮ. “ಹಲ್ಲು ಹೇಗಿದೆ ಅಮ್ಮಾ?”

ಅತ್ತೆ ಬಾಯಿ ತೆರೆದರು. “ಶುಂ... ಶುಂಬಾ ಶೆ... ಶೆಶ್...”

ಡಾಕ್ಟರಮ್ಮ ಕೈಚೀಲದಿಂದ ಪುಟ್ಟ ಟಾರ್ಚ್ ತೆಗೆದರು. “ಆ ಅನ್ನಿ.” ಅತ್ತೆ ಆ ಎಂದರು. ಟಾರ್ಚಿನ ಬೆಳಕು ಅಂಗುಳದ ಮೇಲೆ ನಿಂತೇಬಿಟ್ಟಿತು.

“ಮೇಸ್ತ್ರಿಗಳೇ, ನಡುವೆ ಈ ಗುಲಾಬಿ ದಿಬ್ಬ ಏನು?”

ಹೊಸ ವಿನ್ಯಾಸ ಎನ್ನಬಹುದಿತ್ತು. ಭದ್ರತೆಗೆ ಎನ್ನಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಎದುರಿಗೆ ಖಾಲಿ ತಟ್ಟೆ ಇಟ್ಟುಕೊಂಡು, ತುಟಿಯಂಚಿನ ಸಾಸು ಒರೆಸಿಕೊಳ್ಳುತ್ತಾ ಅತ್ತೆ ಅವನನ್ನೇ ನೋಡುತ್ತಿದ್ದರು.

“ಮುರಿದು ಜೋಡಿಸಿದ್ದು ಮೇಡಂ,” ಎಂದ.

“ಯಾವಾಗ ಮುರೀತು?”

“ಹನ್ನೆರಡೂ ಮೂರಕ್ಕೆ,” ಎಂದಳು ಹೆಂಡತಿ ಅಭ್ಯಾಸಬಲದಿಂದ.

“ಇವತ್ತಾ? ಏನು ಕಚ್ಚಿ?”

“ಬೆಂಡೆಕಾಯಿ.”

“ಕಚ್ಚಿದ್ದು ಯಾರು?”

“ಯಾರೂ ಕಚ್ಚಲಿಲ್ಲ ಮೇಡಂ. ನಾನೇ ದವಡೆ ಯಂತ್ರದಲ್ಲಿಟ್ಟು ಒತ್ತಿದೆ. ಸದ್ದು ಔಷಧಿ ಅಂಗಡಿವರೆಗೆ ಹೋಗ್ಲಿ ಅಂತ...”

ಅತ್ತೆಯ ಬಾಯಿಂದ ಒಂದು ಉದ್ದನೆಯ “ಶ್ಶ್ಶ್” ಹೊರಟಿತು. ಅದು ಯಾವ ಬೈಗುಳದ ಮೊದಲಕ್ಷರವೋ ಮೇಸ್ತ್ರಿಗೆ ಊಹಿಸಲು ಧೈರ್ಯವಾಗಲಿಲ್ಲ.

ಡಾಕ್ಟರಮ್ಮ ಮತ್ತೆ ಟಾರ್ಚ್ ಬಿಟ್ಟರು. “ಹಿಂದಿನ ಹಲ್ಲು ಉಜ್ಜಿದ್ದೀರಿ.”

“ಅದು ಶುಂಠಿ ಅಲ್ಲ ಡಾಕ್ಟ್ರೇ,” ಎಂದು ಹೆಂಡತಿ ತಲೆ ತಗ್ಗಿಸಿದಳು.

“ಉಜ್ಜಿದ್ದೇ ಒಳ್ಳೇದಾಯ್ತು. ಮೊದಲು ಈ ಸೆಟ್ಟು ಬಾಯಿಗೆ ಎತ್ತರ ಇತ್ತು. ಅಗಿಯೋಕೆ ಹೋದ್ರೆ ಹಲ್ಲಿಗೆ ಹಲ್ಲು ಗುದ್ದಿರುತ್ತೆ, ಒಸಡು ನೊಂದಿರುತ್ತೆ. ಅದಕ್ಕೇ ಇವರು ತೆಗೆದಿಟ್ಟು ಊಟ ಮಾಡ್ತಿದ್ದಿದ್ದು. ಅಳಿಯನಿಗೆ ಬೇಜಾರಾಗುತ್ತೆ ಅಂತ ಹೇಳಿಲ್ಲ ಅಷ್ಟೆ. ಅಲ್ವಾ ಅಮ್ಮಾ?”

ಅತ್ತೆ ತಲೆಯಾಡಿಸಿದರು. ಮೇಸ್ತ್ರಿ ಕುರ್ಚಿಯಲ್ಲೇ ಅರ್ಧಕ್ಕೆ ಇಳಿದುಹೋದ. ಮೂರು ತಿಂಗಳು! ಇಡೀ ಊರಿಗೆ ಎಲ್ಲವನ್ನೂ ಹೇಳುವ ಅತ್ತೆ, ಇದೊಂದನ್ನು ಅವನಿಗೆ ಹೇಳಿರಲಿಲ್ಲ.

“ಅಳತೆ ತಗೊಂಡಿದ್ದು ಯಾರು?”

“ಮನೆಯೋರಲ್ವಾ ಅಂತ... ನಾನೇ.”

“ಅಳತೆ ತಗೊಳ್ಳೋವಾಗ ಇವರು ಎರಡು ನಿಮಿಷ ಸದ್ದಿಲ್ಲದೆ, ತುಟಿ ಕೂಡಿಸ್ಕೊಂಡು ಕೂತಿದ್ರಾ?”

ಮೇಸ್ತ್ರಿಗೆ ಆ ದಿನ ನೆನಪಾಯಿತು. ಬಾಯಲ್ಲಿ ಮೇಣದ ಪಟ್ಟಿ ಇಟ್ಟುಕೊಂಡೇ ಅತ್ತೆ ಎದುರುಮನೆಯ ನೀರಿನ ತೊಟ್ಟಿ ಒಡೆದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ್ದರು. ತೊಟ್ಟಿ ಒಡೆದು ನೀರು ಬೀದಿಗೆ ಬರುವ ಹೊತ್ತಿಗೆ ಮೇಣ, ತೆರೆದ ಬಾಯಿಯ ಎತ್ತರಕ್ಕೇ, ಗಟ್ಟಿಯಾಗಿತ್ತು.

“ಎರಡು ನಿಮಿಷ ಮಾತು ನಿಲ್ಸಿ ಅಂತ ಅತ್ತೆಗೆ ಯಾವ ಅಳಿಯ ಹೇಳ್ತಾನೆ ಮೇಡಂ?” ಎಂದ, ಅಳುವ ದನಿಯಲ್ಲಿ.

ಡಾಕ್ಟರಮ್ಮ ನಗು ತಡೆಯಲಾರದೆ ಟಾರ್ಚ್ ಕೆಳಗಿಟ್ಟರು. “ಅಂದ್ರೆ ನೀವು ಮಾಡಿದ್ದು ಮಾತಾಡೋ ಬಾಯಿಗೆ ಹಲ್ಲು! ಅಳತೆ ಇನ್ಮೇಲೆ ನಾನೇ ತಗೋತೀನಿ. ನೀವು ಮನೆಯೋರ ಬಾಯಿಗೂ ಕೈ ಹಾಕ್ಬೇಡಿ. ಕೆಲಸ ನಿಮಗೇ ಇರಲಿ. ಮುರಿದ ಮೇಲೆ ಸರಿಹೋದ ಹಲ್ಲನ್ನ ನಾನು ನೋಡಿದ್ದು ಇದೇ ಮೊದಲು, ಅದೂ ಐವತ್ತು ನಿಮಿಷದಲ್ಲಿ. ಯಂತ್ರದ ಪುಸ್ತಕದಲ್ಲಿ ಇದು ಇರಲಿಲ್ಲ.”

ಮೇಸ್ತ್ರಿ ಅತ್ತೆಯ ಕಡೆ ತಿರುಗಿ, “ತಪ್ಪಾಯ್ತು ಅತ್ತೆ. ಆ ದಿಬ್ಬ ಸಂಜೆಗೆ ಉಜ್ಜಿ ತೆಗೆದುಬಿಡ್ತೀನಿ. ಮಾತೂ ಬರುತ್ತೆ,” ಎಂದ.

ಅತ್ತೆ ಬೇಡ ಎಂಬಂತೆ ಕೈ ಎತ್ತಿದರು. ಸೆಟ್ಟನ್ನು ತೆಗೆದು ಲೋಟದ ನೀರಿನಲ್ಲಿ ಅದ್ದಿ, ಟವೆಲಿನಲ್ಲಿ ಮೆಲ್ಲಗೆ ಒರೆಸಿ, ಮಗುವನ್ನು ಮಲಗಿಸುವಂತೆ ಬಟ್ಟಲಿನಲ್ಲಿ ಇಟ್ಟರು. ಹಲ್ಲಿಲ್ಲದ ಬಾಯಲ್ಲೇ, ಆದರೆ ಒಂದೊಂದು ಮಾತೂ ಎಲ್ಲರಿಗೂ ಸ್ಪಷ್ಟವಾಗಿ ತಿಳಿಯುವಷ್ಟು ನಿಧಾನವಾಗಿ ಹೇಳಿದರು:

“ಇದನ್ನ ಯಾರೂ ಮುಟ್ಟಬೇಡಿ ಅಳಿಯಂದಿರೇ. ಇದು ತಿನ್ನೋಕಿರಲಿ. ನಿಮಗೆ ಬೈಯೋಕೆ ಇನ್ನೊಂದು ಸೆಟ್ಟು ಮಾಡಿಕೊಡಿ. ಮುಂಚಿನ ಅಳತೇನೇ ಸಾಕು, ಅದಕ್ಕೆ ಅದು ಚೆನ್ನಾಗಿತ್ತು.”

“ಆಗ್ಲಿ ಅತ್ತೆ,” ಎಂದ ಮೇಸ್ತ್ರಿ ಸಣ್ಣ ದನಿಯಲ್ಲಿ. “ಯಾವಾಗ ಬೇಕು?”

“ನಾಳೆ ಬೆಳಿಗ್ಗೆ ಹೊತ್ತಿಗೆ,” ಎಂದರು ಅತ್ತೆ. “ಇವತ್ತಿಂದೇ ಬೇಕಾದಷ್ಟು ಬಾಕಿ ಉಳ್ಕೊಂಡಿದೆ.”